ಮುಕ್ಕಾದ ಪಿಂಗಾಣಿ ಗೊಂಬೆ

ಬೆಟ್ಟಮ್ಮನಿಗೆ ಬಾಯಿ ಜೋರು, ಕೈ ಧಾರಾಳ. ಮಾರನಹಳ್ಳಿ ಹತ್ತಿರದ ಕಾಫಿ ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಅವಳಿಂದ ಬೈಸಿಕೊಳ್ಳದವರಿರಲಿಲ್ಲ, ಅವಳ ಮನೆಯ ಸಾರು ಉಣ್ಣದ ಮಕ್ಕಳೂ ಇರಲಿಲ್ಲ. ಗಂಡ ಸತ್ತ ಮೇಲೆ ಬಂಗಲೆಯಲ್ಲಿ ಕಸಮುಸುರೆಗೆ ಸೇರಿದ್ದಳು. ಸ್ವಂತ ಮಕ್ಕಳಿಲ್ಲ. ಪಕ್ಕದ ಮನೆ ಕಮಲಮ್ಮನ ಮೊಮ್ಮಗಳು ಶೃತಿ ಎಂದರೆ ಪ್ರಾಣ.

ಬಂಗಲೆಯ ಒಡತಿ ಮರೀನಾಗೆ ಪಿಂಗಾಣಿ ಗೊಂಬೆ ಕೂಡಿಡುವ ಹುಚ್ಚು. ತೊಂಬತ್ತೆಂಟರಲ್ಲಿ ಅವರ ಅಣ್ಣ ಜರ್ಮನಿಯಿಂದ ಒಂದು ಪೆಟ್ಟಿಗೆ ಗೊಂಬೆ ತಂದುಕೊಟ್ಟ. ಎಲ್ಲವೂ ಕಪ್ಪು ಲಂಗದ ಹೆಂಗಸರು. ಆ ಕಡೆ ಹಿಂದಿನ ಕಾಲದಲ್ಲಿ ಮಾಟಗಾತಿಯರೆಂದು ವಿಚಾರಣೆ ಮಾಡಿ ಕೊಂದವರ ನೆನಪಿಗೆ ಮಾಡಿದವು. ಒಂದರ ಕೈ ಮುರಿದಿತ್ತು. ಮುಕ್ಕಾದದ್ದು ಬೇಡವೆಂದು ಮರೀನಾ ಅದನ್ನು ಬೆಟ್ಟಮ್ಮನಿಗೆ ಕೊಟ್ಟರು. ಯಾರ ನೆನಪಿನ ಗೊಂಬೆಯೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಗೊಂಬೆಯ ಕತ್ತಿಗೆ ಸುತ್ತಿದ್ದ ಹಗ್ಗವನ್ನು ಸರ ಎಂದುಕೊಂಡಳು. ನೇರ ತಂದು ಶೃತಿಯ ಮಡಿಲಿಗೆ ಹಾಕಿದಳು.

ವಾರದೊಳಗೆ ಮಗುವಿಗೆ ಜ್ವರ ಹಿಡಿದು ಸಕಲೇಶಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಗೊಂಬೆಯ ಬಿಳುಚಿದ ಮುಖ, ಕತ್ತಿನ ಉರುಳು ನೋಡಿದ ಲೈನಿನವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಬೆಟ್ಟಮ್ಮ ಮಾಟ ಮಾಡಿದ್ದಾಳೆ ಎಂದರು. ಭಾನುವಾರ ಚೌಡಿಯ ಬನದಲ್ಲಿ ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡು ಆಣೆ ಮಾಡಬೇಕು, ಇಲ್ಲವೇ ಲೈನ್ ಬಿಡಬೇಕು ಎಂದು ಮೇಸ್ತ್ರಿ ಸುಬ್ಬಯ್ಯ ತೀರ್ಮಾನ ಕೊಟ್ಟ.

ವಿಷಯ ತಿಳಿದು ಮರೀನಾ ತಾವೇ ಬನಕ್ಕೆ ಬಂದರು. ಮನಸ್ಸು ಒಳ್ಳೆಯದು, ಆದರೆ ಎಲ್ಲಿ ಏನು ಆಡಬೇಕೆಂದು ತಿಳಿಯದು. “ಅದು ಮಾಟದ ಗೊಂಬೆ ಅಲ್ಲ. ಮಾಟಗಾತಿ ಅಂತ ನೇಣು ಹಾಕಿದ ಹೆಂಗಸಿಂದು. ಪಾಪ, ಅವಳ ತಪ್ಪೇನೂ ಇರಲಿಲ್ಲ” ಎಂದರು.

“ಕೇಳಿದ್ರಾ, ಅಮ್ಮಾವ್ರೇ ಒಪ್ಕಂಡ್ರಲ್ಲ” ಎಂದ ಸುಬ್ಬಯ್ಯ.

ಮರೀನಾ ಆಡಿದ ಕೊನೆಯ ಮಾತು ಕಿವಿಗೆ ಬಿದ್ದದ್ದು ಬೆಟ್ಟಮ್ಮನೊಬ್ಬಳಿಗೆ. “ತಪ್ಪಿಲ್ದೋಳ್ನ ಯಾಕ್ ನೇಣಿಗಾಕಿದ್ರಮ್ಮ?”

“ಅಕ್ಕಪಕ್ಕದವರೇ ದೂರು ಕೊಟ್ಟರಂತೆ.”

ಬೆಟ್ಟಮ್ಮ ಅಂಗೈ ಮೇಲೆ ಕರ್ಪೂರ ಇಟ್ಟುಕೊಂಡು ಕಮಲಮ್ಮನ ಮುಂದೆ ಹೋಗಿ ನಿಂತಳು. “ನೀನೇ ಹಚ್ಚು ಕಮಲಕ್ಕ. ಮಗೀಗೆ ನಾನು ಕೇಡು ಬಗೆದೆ ಅಂತ ನಿಂಗನ್ಸಿದ್ರೆ ಹಚ್ಚು. ಬ್ಯಾರೇರ್ ಕೈಲಿ ಬ್ಯಾಡ.”

ಕಮಲಮ್ಮ ಕಡ್ಡಿ ಗೀರಿದಳು. ಉರಿ ಬೆರಳಿಗೆ ಬರುವವರೆಗೂ ಹಿಡಿದುಕೊಂಡೇ ನಿಂತು, ಕೆಳಗೆ ಹಾಕಿ ತುಳಿದಳು. “ನನ್ ಕೈಲಾಗಕಿಲ್ಲ ಕಣೇ ಬೆಟ್ಟಿ” ಎಂದು ಅತ್ತಳು. ಅಲ್ಲಿಗೆ ಪಂಚಾಯಿತಿ ಮುರಿಯಿತು.

ಶೃತಿ ಹುಷಾರಾಗಿ ಬಂದಳು, ಟೈಫಾಯಿಡ್ ಆಗಿತ್ತಂತೆ. ಬೆಟ್ಟಮ್ಮನ ಲೈನ್ ಮನೆಯೂ ಉಳಿಯಿತು. ಕಮಲಮ್ಮ ಮೊದಲಿನಂತೆಯೇ ಮಾತಾಡಿದಳು, ಹಬ್ಬಕ್ಕೆ ಕಡುಬು ಕೊಟ್ಟಳು. ಆದರೆ ಮೊಮ್ಮಗಳು ಬೆಟ್ಟಮ್ಮನ ಬಾಗಿಲತ್ತ ಓಡಿದರೆ ಸಾಕು, ಏನಾದರೂ ಕೆಲಸ ಹೇಳಿ ಒಳಗೆ ಕರೆದುಬಿಡುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಬೆಟ್ಟಮ್ಮ, ಅವತ್ತು ಕಮಲಕ್ಕ ಕರ್ಪೂರ ಹಚ್ಚಿಬಿಟ್ಟಿದ್ದರೇ ಚೆನ್ನಾಗಿತ್ತು, ಆಣೆ ಮುಗಿದು ಅನುಮಾನವೂ ಹೋಗುತ್ತಿತ್ತು, ಸುಟ್ಟ ಅಂಗೈ ಇಷ್ಟೊತ್ತಿಗೆ ವಾಸಿಯಾಗಿರುತ್ತಿತ್ತು ಎಂದುಕೊಳ್ಳುತ್ತಿದ್ದಳು.