ರುದ್ರಿಯ ಕೈ, ನನ್ನ ಹೊಟ್ಟೆಕಿಚ್ಚು

ಬೀಜವನ್ನು ಅಂಗಡಿಯಿಂದ ಕೊಂಡು ತರಬಹುದು ಎಂಬುದೇ ನಮಗೆ ಗೊತ್ತಿರದ ಕಾಲ ಅದು. ಬೆಟ್ಟದಪುರದ ಬೆಟ್ಟ ಕಾಣುವಷ್ಟು ಹತ್ತಿರದಲ್ಲಿದ್ದ ನಮ್ಮ ಹಳ್ಳಿಯಲ್ಲಿ ಪ್ರತಿ ಮನೆಯ ಬೀಜವೂ ಅಡುಗೆಮನೆಯ ಗೋಡೆಯ ಮೇಲಿರುತ್ತಿತ್ತು. ಸೋರೆ, ಕುಂಬಳ, ಹೀರೆ ಬೀಜಗಳನ್ನು ಸಗಣಿಯಲ್ಲಿ ಒತ್ತಿ, ಬೆರಣಿಯಂತೆ ತಟ್ಟಿ ಒಲೆಯ ಹಿಂದಿನ ಗೋಡೆಗೆ ಅಂಟಿಸುತ್ತಿದ್ದರು. ಬೇಸಿಗೆಯೆಲ್ಲ ಹೊಗೆ ಕುಡಿದು ಅವು ಕಪ್ಪಗಾಗುತ್ತಿದ್ದವು, ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ರೋಹಿಣಿ ಮಳೆ ಬಿದ್ದು ಹಿತ್ತಲು ನೆನೆದ ಮೇಲೆ ಅವ್ವ ಆ ತಟ್ಟುಗಳನ್ನು ಕಿತ್ತು, ಪುಡಿಮಾಡಿ, ಬೀಜ ಆರಿಸುತ್ತಿದ್ದಳು. ಆಗ ಮನೆಯೆಲ್ಲ ಒಣಸಗಣಿ ಮತ್ತು ಹೊಗೆಯ ಘಾಟು. ನನಗೆ ಅದು ಹಬ್ಬದ ವಾಸನೆ.

ಯಾಕೆಂದರೆ ಆ ಬೀಜಗಳನ್ನು ಗುಂಡಿಗೆ ಹಾಕುತ್ತಿದ್ದವಳು ನಾನು. ಮನೆಯ ಹೆಣ್ಣುಮಗು ತಲೆಗೆ ನೀರು ಹಾಕಿಕೊಂಡು ಬಂದು ಮೊದಲ ಬೀಜ ಊರಬೇಕು ಎಂಬುದು ನಮ್ಮಲ್ಲಿನ ಪದ್ಧತಿ. ಬೀಜ ಚೆನ್ನಾಗಿ ಹುಟ್ಟಿದರೆ ಆ ಮಗುವಿನ ಕೈ ಒಳ್ಳೆಯ ಕೈ. ಅಪ್ಪನ ತಾಯಿ, ನಮ್ಮ ಅಜ್ಜಿ, "ನಮ್ ಚಿಕ್ಕತಾಯಿ ಕೈ ಚಂದಾಗದೆ ಕಣವ್ವ" ಎಂದು ನನ್ನ ಹೆಸರು ಹಿಡಿದು ನೀರಿಗೆ ಹೋದ ಕಡೆಯೆಲ್ಲ ಹೇಳಿಕೊಂಡು ಬರುತ್ತಿದ್ದಳು. ಓದಿನಲ್ಲಿ ಹಿಂದೆ, ಬಣ್ಣದಲ್ಲಿ ಕಪ್ಪು, ಕುಂಟೆಬಿಲ್ಲೆ ಆಡಿದರೆ ಸೋಲು. ನನಗಿದ್ದ ದೊಡ್ಡಸ್ತಿಕೆ ಈ ಕೈಯೊಂದೇ.

ಆ ವರ್ಷ ಬೇಸಿಗೆಯಲ್ಲಿ ಹಂಪಾಪುರದ ದೊಡ್ಡವ್ವ ತೀರಿಕೊಂಡಳು. ಅವಳು ನನ್ನ ಅವ್ವನ ಒಡಹುಟ್ಟಿದ ಅಕ್ಕ. ಮಣ್ಣಿಗೆ ಹೋಗಿದ್ದ ಅವ್ವ ಹಿಂದಿರುಗುವಾಗ ದೊಡ್ಡವ್ವನ ಮಗಳು ರುದ್ರಿಯನ್ನು ಕರೆದುಕೊಂಡು ಬಂದಳು. ನನ್ನದೇ ವಯಸ್ಸು. ದೊಡ್ಡ ಕಣ್ಣು, ಮಾತು ಕಡಿಮೆ. ನನ್ನ ಲಂಗ ಅವಳ ಮೈಗೆ ನನಗಿಂತ ಚೆನ್ನಾಗಿ ಕೂತಿತು. ರಾತ್ರಿ ಅವ್ವನ ಎರಡು ಮಗ್ಗುಲಲ್ಲಿ ಒಂದನ್ನು ಅವಳಿಗೆ ಕೊಡಬೇಕಾಯಿತು. ಅಲ್ಲಿಗೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು.

ಅಜ್ಜಿಗೂ ರುದ್ರಿ ಹಿಡಿಸಲಿಲ್ಲ. ಹಾಲು ಕರೆಯುವ ಹೊತ್ತಿಗೆ ಎದುರಿಗೆ ಬರಬೇಡ ಎನ್ನುತ್ತಿದ್ದಳು, ಬಿತ್ತನೆ ರಾಗಿಯ ಕುಕ್ಕೆ ಮುಟ್ಟಬೇಡ ಎನ್ನುತ್ತಿದ್ದಳು. ತಾಯಿಯನ್ನು ಕಳೆದುಕೊಂಡ ಮಗು ಮುಟ್ಟಿದ್ದು ಏಳಿಗೆಯಾಗುವುದಿಲ್ಲ ಎಂದು ಅವಳ ನಂಬಿಕೆ. ರುದ್ರಿ ಕೈಗಳನ್ನು ಲಂಗದಲ್ಲಿ ಸುತ್ತಿಕೊಂಡು ಗೋಡೆಗೊರಗಿ ನಿಲ್ಲುತ್ತಿದ್ದಳು. ಅಜ್ಜಿಯಾದರೂ ನನ್ನ ಕಡೆ ಇದ್ದಾಳಲ್ಲ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ರೋಹಿಣಿ ಮಳೆ ಹುಯ್ಯಿತು. ನಾನು ಯಾರೂ ಹೇಳದೆಯೇ ತಲೆಗೆ ನೀರು ಹಾಕಿಕೊಂಡು ಹಿತ್ತಲಿನಲ್ಲಿ ನಿಂತೆ. ಅವ್ವ ಮೊರದಲ್ಲಿ ಸೋರೆಬೀಜ ತಂದು ನನ್ನನ್ನು ದಾಟಿಕೊಂಡು ಹೋಗಿ, ರುದ್ರಿಯ ಮುಂದೆ ಹಿಡಿದಳು.

"ಅಯ್, ತಾಯ್ನ ಕಳ್ಕಂಡ ಮಗೀನ ಕೈಲಿ ಬೀಜ ಆಕುಸ್ತೀಯಾ? ನಿಂಗೇನ್ ಬಂದದೆ?" ಎಂದು ಅಜ್ಜಿ ಜಗಲಿಯಿಂದಲೇ ಕೂಗಿದಳು.

"ಒಂದ್ಸಲ ಆಕ್ಲಿ ಬುಡಿ ಅತ್ತೆ. ಉಟ್ನಿಲ್ಲ ಅಂದ್ರೆ ಆಮ್ಯಾಕೆ ನನ್ನ ಕೇಳಿ."

"ಉಟ್ನಿಲ್ಲ ಅಂದ್ರೆ ಇವಳ್ನ ಅಂಪಾಪುರಕ್ಕೇ ಬುಟ್ಟು ಬರ್ಬೇಕು, ಅಷ್ಟೇಯ!"

ಅವ್ವ ಮೊರವನ್ನು ಇನ್ನಷ್ಟು ಮುಂದೆ ಹಿಡಿದಳು. ರುದ್ರಿ ಒಂದೊಂದು ಗುಂಡಿಗೂ ಬೀಜ ಊರುವಾಗ ಅವಳ ಬೆರಳು ನಡುಗುತ್ತಿದ್ದವು. ಮಣ್ಣು ಮುಚ್ಚಿ ತಿರುಗಿಯೂ ನೋಡದೆ ಒಳಗೆ ಓಡಿದಳು. ನಾನು ಕಾಲು ಬಡಿದು ಅತ್ತದ್ದಕ್ಕೆ ಅವ್ವ ಉಳಿದಿದ್ದ ಬೀಜಗಳಲ್ಲಿ ಒಂದನ್ನು ನನ್ನ ಕೈಗಿಟ್ಟು, "ಬಚ್ಚಲ ಪಕ್ಕ ಆಕ್ಕೋ ಓಗು" ಎಂದಳು.

ಹಾಕಿದೆ. ಆದರೆ ನನಗೆ ನೆಮ್ಮದಿ ಎಲ್ಲಿ? ರುದ್ರಿಯ ಬೀಜಕ್ಕಿಂತ ಮೊದಲು ನನ್ನದು ಹುಟ್ಟಬೇಕು. ಬೆಳಗೂ ಸಂಜೆಯೂ ಮಣ್ಣು ಕೆದಕಿ ನೋಡುವುದು, ಮತ್ತೆ ಮುಚ್ಚುವುದು. ಬೀಜ ಮೊದಲು ಉಬ್ಬಿತು. ಆಮೇಲೆ ಚೂಪು ತುದಿಯಲ್ಲಿ ಬಾಯಿ ಬಿಟ್ಟು, ಅಕ್ಕಿಕಾಳಿನ ಮೂತಿಯಷ್ಟು ಬಿಳಿ ಬೇರು ಹೊರಗಿಟ್ಟಿತು. ಕೆದಕುವ ಅವಸರದಲ್ಲಿ ನನ್ನ ಉಗುರೇ ಅದನ್ನು ಮುರಿಯಿತು. ನಾಳೆ ಇನ್ನೊಂದು ಬರುತ್ತದೆ ಎಂದುಕೊಂಡು ಮುಚ್ಚಿದೆ.

ಒಂದು ಬೆಳಗಿನ ಜಾವ, ಬಾಗಿಲಿಗೆ ನೀರು ಹಾಕುವುದಕ್ಕೂ ಮುಂಚೆ, ನನ್ನ ಬೀಜ ನೋಡಲು ಹಿತ್ತಲಿಗೆ ಹೋದರೆ ಅಲ್ಲಿ ಅವ್ವ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಒದ್ದೆ ಬಟ್ಟೆಯ ಗಂಟು. ರುದ್ರಿ ಬೀಜ ಹಾಕಿದ ಗುಂಡಿಯನ್ನು ಬೆರಳಿನಿಂದ ಬಿಡಿಸಿ, ಇರುವೆ ತಿಂದು ಟೊಳ್ಳಾದ ಬೀಜವನ್ನು ತೆಗೆದು ಎಸೆದಳು. ಗಂಟು ಬಿಚ್ಚಿ ಇನ್ನೊಂದು ಬೀಜ ತೆಗೆದಳು. ಅದಕ್ಕೆ ಆಗಲೇ ಉದ್ದನೆಯ ಮೊಳಕೆ ಬಂದಿತ್ತು. ಒಲೆಯ ಮಗ್ಗುಲಿನ ಬಿಸುಪಿನಲ್ಲಿಟ್ಟು ಯಾರಿಗೂ ಕಾಣದಂತೆ ಮೊಳಕೆ ಬರಿಸಿದ್ದಳು! ಬೇರು ಕೆಳಗಾಗಿ ಮೆಲ್ಲಗೆ ಇಟ್ಟು, ಮಣ್ಣು ಉದುರಿಸಿ, ಮುಂದಿನ ಗುಂಡಿಗೆ ಸರಿದಳು.

ನಾನು ಉಸಿರೆತ್ತದೆ ಒಳಗೆ ಬಂದೆ. ಅವ್ವ ನನ್ನ ಗುಂಡಿಯ ಹತ್ತಿರ ಹೋಗಲೇ ಇಲ್ಲ. ನನಗೆ ಉರಿದದ್ದು ಅದು.

ಕೆಲವೇ ದಿನಗಳಲ್ಲಿ ರುದ್ರಿಯ ಗುಂಡಿಗಳ ಮಣ್ಣು ಬಿರಿಯಿತು. ಮೊದಲು ಬಾಗಿದ ಬಿಳಿ ಕುತ್ತಿಗೆಗಳು ಕಂಡವು. ಆಮೇಲೆ ಅವು ನೆಟ್ಟಗಾಗಿ, ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ತಲೆಯ ಮೇಲೆ ಹೊತ್ತು ನಿಂತವು. ಟೋಪಿ ಬಿದ್ದು ಎರಡು ದಪ್ಪ ಎಲೆ ಬಿಚ್ಚಿಕೊಂಡವು, ನಡುವೆ ನವಿರುಗೂದಲಿನ ಮೂರನೆಯ ಎಲೆ ಇಣುಕಿತು. ಅಜ್ಜಿ ಗುಂಡಿಯಿಂದ ಗುಂಡಿಗೆ ಬಗ್ಗಿ ನೋಡುತ್ತಾ ಬಂದಳು. ಒಳಗೆ ಹೋಗಿ ಒಂದು ಅಚ್ಚು ಬೆಲ್ಲ ತಂದು ರುದ್ರಿಯ ಅಂಗೈ ಮೇಲಿಟ್ಟು, ಆ ಅಂಗೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಎಂತಾ ಕೈಯವ್ವ ನಿಂದು! ಒಂದಾದ್ರೂ ಉಸಿ ಓಗಿಲ್ವಲ್ಲ. ನಮ್ಮನೆ ಮಗ ಕಣವ್ವ ನೀನು."

ಆ ಬೆಲ್ಲ ಪ್ರತಿ ವರ್ಷ ನನ್ನದು. ನನಗೆ ತಡೆಯಲಾಗಲಿಲ್ಲ.

"ಅಜ್ಜೀ, ಅವ್ಳ ಬೀಜ ಉಟ್ಟಿಲ್ಲ! ಅವ್ವ ಮೊಳಕೆ ತಂದು ಮಡಗವ್ಳೆ! ನಾನೇ ಕಂಡಿವ್ನಿ!"

ಅಜ್ಜಿ ತಿರುಗಿದಳು. "ಒಟ್ಟೆಕಿಚ್ಗೆ ಎತ್ತವ್ವನ ಮ್ಯಾಲೇ ಸುಳ್ಳು ಏಳ್ತೀಯಲ್ಲೇ! ನಾಲ್ಗೆಗೆ ಬರೆ ಆಕ್ತೀನಿ ನೋಡು."

ನಾನು ಅವ್ವನ ಮುಖ ನೋಡಿದೆ. ಹೂಂ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವ್ವ ರುದ್ರಿಯನ್ನು ನೋಡಿದಳು. ರುದ್ರಿ ತನ್ನ ಅಂಗೈಯನ್ನೇ ಬೇರೆ ಯಾರದೋ ಎನ್ನುವಂತೆ ದಿಟ್ಟಿಸುತ್ತಿದ್ದಳು. ಅವ್ವ ಸೆರಗು ಸಿಕ್ಕಿಸಿಕೊಂಡು ಮುದ್ದೆಗೆ ಎಸರಿಡಲು ಒಳಗೆ ಹೋದಳು.

ಅಂದು ನಾನು ಮುದ್ದೆ ತಿನ್ನಲಿಲ್ಲ. ಸಂಜೆ ಅವ್ವ ನನ್ನನ್ನು ಎಳೆದು ಕೂರಿಸಿಕೊಂಡು ಹರಳೆಣ್ಣೆ ಹಚ್ಚಿ ತಲೆ ಬಾಚಿದಳು.

"ನಂಗ್ಯಾಕೆ ಮೊಳಕೆ ಆಕ್ನಿಲ್ಲ?" ಎಂದೆ.

"ದಿನಾ ಕೆದ್ಕಿದ್ರೆ ಯಾವ್ದು ಉಳ್ದಾತು? ಬೀಜ ಆಕುದ್ ಮ್ಯಾಕೆ ಅದ್ರ ಪಾಡ್ಗೆ ಬುಡ್ಬೇಕು ಕಣೇ."

"ನಾನ್ ಏಳಿದ್ದು ನಿಜ ತಾನೆ?"

ಅವ್ವನ ಬಾಚಣಿಗೆ ನಿಂತಿತು. "ನಿಂಗೆ ನಾನಿವ್ನಿ. ಅವ್ಳ್ಗೆ ಆ ಕೈಯಾದ್ರೂ ಇರ್ಲಿ ಬುಡು ಮಗ."

"ನಂಗೆ ನೀನೂ ಬೇಕು, ಕೈಯೂ ಬೇಕು!" ಎಂದು ನಾನು ಗೋಳೋ ಎಂದು ಅತ್ತೆ. ಅವ್ವ ನಗುತ್ತಲೇ ಜಡೆ ಬಿಗಿದಳು.

ಆ ಸೋರೆಬಳ್ಳಿ ಚಪ್ಪರ ಹತ್ತಿ, ದನದ ಕೊಟ್ಟಿಗೆಯ ಮೇಲೆ ಹಬ್ಬಿ, ಕಾಯಿ ಬಿಟ್ಟದ್ದೇ ಬಿಟ್ಟದ್ದು. ಸಾರು, ಪಲ್ಯ, ಹುಳಿ, ಮನೆಯಲ್ಲಿ ದಿನವೂ ರುದ್ರಿಯ ಸೋರೆಕಾಯಿ. ನಾನು ಅವರೆಕಾಳು ಮಾತ್ರ ಆರಿಸಿಕೊಂಡು ತಿಂದು ತುಂಡುಗಳನ್ನು ತಟ್ಟೆಯಂಚಿಗೆ ತಳ್ಳುತ್ತಿದ್ದೆ. ಮರುವರ್ಷ ಹೊಗೆಸೊಪ್ಪಿನ ಸಸಿಮಡಿಗೆ ಬೀಜ ಚೆಲ್ಲಲೂ ಅವಳನ್ನೇ ಕರೆದರು. ಹುಡಿಯಂಥ ಆ ಬೀಜವನ್ನು ಬೂದಿಯಲ್ಲಿ ಬೆರೆಸಿ ಅವಳು ಎರಚಿದರೆ ಮಡಿಯೆಲ್ಲ ಪಚ್ಚಗಾಯಿತು. ಯಾರು ಎರಚಿದ್ದರೂ ಆಗುತ್ತಿತ್ತು ಎಂದು ನಾನು ಗೊಣಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ರುದ್ರಿ ಗುರುಪುರದ ಕಡೆಗೆ ಮದುವೆಯಾಗಿ ಹೋದಳು. ಅಲ್ಲಿಯೂ ಬಿತ್ತನೆ ಕಾಲಕ್ಕೆ ಅವಳನ್ನು ಮನೆಮನೆಗೆ ಕರೆಯುತ್ತಿದ್ದರಂತೆ. ಈಗ ಯಾರೂ ಕರೆಯುವುದಿಲ್ಲ. ಬೀಜ ಪೊಟ್ಟಣದಲ್ಲಿ ಬರುತ್ತದೆ, ಸಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಬರುತ್ತದೆ. ಹೊಗೆಯಿಲ್ಲದ ಅಡುಗೆಮನೆಯ ಗೋಡೆಗೆ ಸಗಣಿ ತಟ್ಟುವವರಿಲ್ಲ. ಮಗುವಿನ ಕೈ ಹಿಡಿದು ಇದು ಒಳ್ಳೆಯ ಕೈ ಎಂದು ಹೇಳುವ ಸಂದರ್ಭವೇ ಉಳಿದಿಲ್ಲ. ಅವ್ವ ಹೋಗಿ ಬಹಳ ಕಾಲವಾಯಿತು.

ಹೋದ ಮಳೆಗಾಲದಲ್ಲಿ ರುದ್ರಿ ಹುಣಸೂರಿನ ನನ್ನ ಮನೆಗೆ ಬಂದು ಕೆಲವು ದಿನ ಇದ್ದಳು. ಅವ್ವನ ಸೋರೆಯ ತಳಿಯನ್ನು ಅವಳು ಇನ್ನೂ ಉಳಿಸಿಕೊಂಡಿದ್ದಾಳೆ. ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದಳು. "ನೀನೇ ಆಕು" ಎಂದೆ. ಅವಳ ಬೆರಳು ಈಗಲೂ ನಡುಗುತ್ತವೆ, ಆದರೆ ವಯಸ್ಸಿನಿಂದ. ಹಾಕಿದ ಮೇಲೆ ನಾಲ್ಕು ಬೀಜ ಕೇಳಿ ಇಸಿದುಕೊಂಡು ನಾನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನ ಹಿಂದಿನ ಬಿಸುಪಿನಲ್ಲಿಟ್ಟೆ. ಇಷ್ಟು ವಯಸ್ಸಾದವಳ ಕೈ ಹುಸಿ ಹೋದರೆ ಅವಳ ಮುಖ ನೋಡುವುದು ಹೇಗೆ? ಮೊಳಕೆ ತಂದಿಡಲು ಅವ್ವನಂತೂ ಇಲ್ಲ.

ಮೊಳಕೆ ಚೆನ್ನಾಗಿ ಬಂದಿತ್ತು. ಬೆಳಗಿನ ಜಾವ, ರುದ್ರಿ ಏಳುವ ಮೊದಲು, ಗಂಟು ಹಿಡಿದು ಹಿತ್ತಲಿಗೆ ಹೋದೆ. ಮಂಡಿನೋವಿನಲ್ಲಿ ಗೋಡೆ ಹಿಡಿದು ಕುಕ್ಕರಿಸಿದೆ. ಮೊದಲ ಗುಂಡಿಯಲ್ಲಿ ಬಿಳಿ ಕುತ್ತಿಗೆ ಬಾಗಿಕೊಂಡು ಮೇಲೆದ್ದಿತ್ತು. ಪಕ್ಕದ ಗುಂಡಿಯಲ್ಲೂ. ಅದರಾಚೆಯದರಲ್ಲೂ. ಖಾಲಿ ಗುಂಡಿ ಒಂದೂ ಇರಲಿಲ್ಲ.

ಅವ್ವನ ಹಾಗೆ ಒಂದೇ ಒಂದು ಸಲ ಮಾಡೋಣವೆಂದರೆ ಅದಕ್ಕೂ ನನಗೆ ಜಾಗ ಬಿಟ್ಟಿರಲಿಲ್ಲ, ಹಾಳಾದವಳು. ಮೊಳಕೆಯ ಗಂಟು ಕೈಯಲ್ಲಿ ಹಿಡಿದು ಅಲ್ಲೇ ಕೂತೆ. ಹೊಟ್ಟೆ ಉರಿದುಹೋಯಿತು.