ದೊರೆಯ ಹೆಸರಿದ್ದ ಜಾಗ

ವ್ಯಾನಿನ ಸಿಪ್ಪೆಯೇಳುತ್ತಿದ್ದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದೆ. ಅಡಿಯಿಂದ ಕಾಫಿತೋಟದ ದೊರೆಯ ಹೆಸರು ಎದ್ದುಬಂತು. ಶಿಕಾರಿಗೆ ಹೋದಾಗ ದೊರೆ ಈ ವ್ಯಾನಿನೊಳಗೇ ಮಲಗುತ್ತಿದ್ದರು. ಪಾಲಿಬೆಟ್ಟದ ತೋಟ ಮಾರಿ ಇಂಗ್ಲೆಂಡಿಗೆ ಹೊರಟಾಗ ಅದನ್ನು ಗುಜರಿ ಬೆಲೆಗೆ ನನಗೆ ಕೊಟ್ಟಿದ್ದರು.

ಅಂಗಳಕ್ಕೆ ಬಂದ, ತೋಟದ ಲೆಕ್ಕ ಬರೆಯುವ ರೈಟರು ನನ್ನ ಕೈ ಹಿಡಿದರು. "ಹೆಸ್ರು ಉಜ್ಬೇಡ ಮಾರಾಯ. ದೊರೆ ಗಾಡಿ ಅಂತ ಗೊತ್ತಾದ್ರೆ ನಾಕು ಜನ ಮರ್ಯಾದೆ ಕೊಡ್ತಾರೆ."

ನಾನು ಹಿಂಜರಿದೆ. ಅವ್ವ ಕಾಗದ ಕಿತ್ತುಕೊಂಡಳು. "ಇಪ್ಪತ್ತು ವರ್ಷ ಅವ್ರ ತೋಟ್ದಲ್ಲಿ ಕಾಫಿಹಣ್ಣಿನ ಮೂಟೆ ಹೊತ್ಕೊಂಡು ನಡ್ದೆ. ಒಂದಿನ ಈ ಗಾಡಿ ನನ್ ಪಕ್ಕ ನಿಲ್ತಾ, ರೈಟ್ರೇ?" ಎಂದವಳೇ ತಗಡು ಹೊಳೆಯುವವರೆಗೂ ಉಜ್ಜಿದಳು.

ಹೊಸ ಬಣ್ಣ ಹೊಡೆದ ಮೇಲೂ ಅಲ್ಲಿ ಅಂಗೈಯಗಲ ತಗ್ಗು ಉಳಿಯಿತು. ಪುಟ್ಟಿ ಮೆತ್ತಿ ಸಮ ಮಾಡಬಹುದಿತ್ತು, ಮಾಡಲಿಲ್ಲ. ಗಾಡಿ ಯಾರದೆಂದು ಕೇಳಿದವರಿಗೆ ಆ ತಗ್ಗನ್ನೇ ತೋರಿಸುತ್ತೇನೆ.