ಕೊನೇ ಗದ್ದೆಯವನ ಮಾತು

ಆ ಮಾತು ನಿನ್ನದು, ಗಿರಿಜಾ. ಕದ್ದವಳು ನಾನು. ತುಂಬಿದ ಸಭೆಯಲ್ಲಿ ನಿನ್ನನ್ನು ಕಳ್ಳಿಯನ್ನಾಗಿ ಮಾಡಿದವಳೂ ನಾನೇ — ಇಷ್ಟು ಬರೆಯಲು ಇಪ್ಪತ್ತು ವರ್ಷ ಬೇಕಾಯಿತು.

ಯುರೋಪ್ ಒಕ್ಕೂಟದ ದೇಶಗಳೆಲ್ಲ ಸೇರಿ ಒಂದೇ ಸಂವಿಧಾನ ಮಾಡಿಕೊಳ್ಳಲು ಹೊರಟಿದ್ದ ಕಾಲ. ಅಲ್ಲಿನ ಮತದಾರರು ಅದನ್ನು ಒಪ್ಪಬೇಕೇ, ಬೇಡವೇ — ದಾವಣಗೆರೆಯ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಅದೇ ವಿಷಯ. ನಾನು ಪುಸ್ತಕ ನೋಡಿ ಹತ್ತು ಹಾಳೆ ಬರೆದುಕೊಂಡಿದ್ದೆ. ಒಂದು ಸಾಲಿಗೂ ಜೀವವಿರಲಿಲ್ಲ. ಹಿಂದಿನ ದಿನ ಸಂಜೆ ವಿದ್ಯಾನಗರದ ನಿನ್ನ ಹಾಸ್ಟೆಲ್ ಕೋಣೆಯಲ್ಲಿ ನೀನು ಮಂಚದ ಮೇಲೆ ನಿಂತು, ನನ್ನೊಬ್ಬಳನ್ನೇ ಸಭೆ ಎಂದುಕೊಂಡು ಹೇಳಿದೆ:

"ನಮ್ಮೂರ ಕಾಲುವೆ ನೋಡ್ರಿ. ಊರಿಗೊಂದು ಕಟ್ಟಳೆ ಇದ್ದಾಗ ಮೇಲಿನೋರು ತೂಬು ಎತ್ತಿದ್ರು, ಕೊನೇ ಗದ್ದೆ ಒಣಗ್ತು. ಎಲ್ಲಾ ಊರೋರು ಕೂಡಿ ಒಂದೇ ಕಟ್ಟಳೆ ಮಾಡ್ಕಂಡ್ರು, ಆವಾಗ ನೀರು ಬಂತು. ಅದಕ್ಕ ಒಪ್ರಿ — ಆದ್ರ ಕೊನೇ ಗದ್ದೆಯವನ ಮಾತಿಗೂ ಅಷ್ಟೇ ತೂಕ ಇರ್ಬೇಕು."

"ಹೆಂಗೈತೆ?" ಎಂದೆ ನೀನು.

"ಪರವಾಗಿಲ್ಲ," ಎಂದೆ ನಾನು.

ಮರುದಿನ ಚೀಟಿ ಎತ್ತಿದಾಗ ನನ್ನ ಹೆಸರು ಮೊದಲು ಬಂತು. ವೇದಿಕೆಯಲ್ಲಿ ಬಾಯಿ ತಪ್ಪಿ ಬಂದ ಮಾತದು ಎಂದು — ಇಲ್ಲ, ಅದೂ ಸುಳ್ಳು. ನನ್ನ ಹತ್ತು ಹಾಳೆಗಳನ್ನು ಬೆಳಿಗ್ಗೆಯೇ ಹರಿದಿದ್ದೆ. ಕಾಲುವೆ, ತೂಬು, ಕೊನೇ ಗದ್ದೆ — ಎಲ್ಲ ಹೇಳಿದೆ. ಪೇಟೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಬೆಳೆದ ನಾನು ತೂಬನ್ನು ಕಣ್ಣಾರೆ ಕಂಡವಳೇ ಅಲ್ಲ. ಚಪ್ಪಾಳೆ ಬಿತ್ತು.

ಐದನೆಯವಳಾಗಿ ನೀನು ಬಂದೆ. ಅದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ ನಿನ್ನ ಬಳಿ. ತೀರ್ಪುಗಾರರು ನಡುವೆಯೇ ತಡೆದರು.

"ಇದನ್ನ ಆಗಲೇ ಕೇಳಿದ್ವಲ್ಲಮ್ಮ. ಕಾಪಿ ಹೊಡೆದ್ಯಾ?"

"ನಂದೇ ಸರ್. ಆಕೀನ ಕೇಳ್ರಿ."

ಸಭೆಯೆಲ್ಲ ನನ್ನತ್ತ ತಿರುಗಿತು.

"ನನಗೆ ಗೊತ್ತಿಲ್ಲ ಸರ್."

ಆಗ ಹಿಂದಿನ ಸಾಲಿನಿಂದ ನಿನ್ನ ಅಪ್ಪ ಎದ್ದರು. ಮಗಳ ಭಾಷಣ ಕೇಳಲೆಂದೇ ಭಾನುವಳ್ಳಿಯಿಂದ ಬಂದಿದ್ದವರು. "ಅದು ನಮ್ಮ ಕಾಲುವೆ ಕಥೆ ಕಣ್ರೀ ಸ್ವಾಮಿ. ಆಕಿಗೆ ಹೇಳಿದೋನು ನಾನು." ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು — ನಾನೂ ನಕ್ಕೆ. ನೀನು ಇಳಿದು ಹೋಗಿ ಅವರ ಕೈ ಹಿಡಿದುಕೊಂಡೆ. ಆ ಬಾಗಿಲು ದಾಟಿದವಳು ಮತ್ತೆ ಕಾಲೇಜಿಗೆ ಬರಲಿಲ್ಲ. ವಕೀಲೆಯಾಗುತ್ತೇನೆ ಎನ್ನುತ್ತಿದ್ದೆ ನೀನು.

ಅತ್ತ ಯುರೋಪಿನಲ್ಲಿ ಎರಡು ದೇಶಗಳ ಜನ ಬೇಡವೆಂದರು. ಆ ಸಂವಿಧಾನ ಬಿದ್ದುಹೋಯಿತು. ನಾನು ಈಗ ಅದನ್ನೇ ಪಾಠ ಮಾಡುತ್ತೇನೆ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ನೀವಾಗಿದ್ರ ಒಪ್ತಿದ್ರಾ ಮೇಡಂ?" ಬಾಯಿಗೆ ಬಂದದ್ದು ಮತ್ತೆ ನಿನ್ನ ಮಾತೇ. ಅರ್ಧಕ್ಕೇ ನಿಲ್ಲಿಸಿದೆ. ನನ್ನದೆಂಬ ಉತ್ತರ — ಹುಡುಕುತ್ತಲೇ ಇದ್ದೇನೆ.

ಹರಿಹರದಲ್ಲಿ ನಿಮ್ಮೂರಿನವರೊಬ್ಬರು ಸಿಕ್ಕಿದ್ದರು. ಊರಲ್ಲಿ ಇಂದಿಗೂ ನಿನ್ನನ್ನು ಕಾಪಿ ಹೊಡೆದವಳು ಎನ್ನುವವರಿದ್ದಾರಂತೆ. ಭಾನುವಾರ ಬರುತ್ತೇನೆ, ಗಿರಿಜಾ. ನೀನು ಒಳಗೆ ಕರೆಯಬೇಕಾಗಿಲ್ಲ. ನಿನ್ನ ಅಪ್ಪನಿಗೆ ಈಗ ಕಿವಿ ಮಂದವಂತೆ — ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ. ಬೀದಿಯವರಿಗೂ ಕೇಳಲಿ.